"ಡಾಕ್ಟರ್ ಆಗಿ ಪ್ರಾಕ್ಟೀಸ್ ಯಾಕೆ ಮಾಡಲ್ಲ?" ಅಂತ ಕೇಳೋರಿಗೆಲ್ಲ

ಕ್ಲಿನಿಕ್ ಎಲ್ಲಿಟ್ಟಿದ್ದೀರ? ಇಟ್ಟಿಲ್ಲ. ಹಾಗಾದ್ರೆ ಯಾವ ಆಸ್ಪತ್ರೇಲಿ ಕೂರ್ತೀರ? ಕೂರಲ್ಲ. ಮತ್ತೆ ಎಂಬಿಬಿಎಸ್ಸು ಎಂಡಿ ಎಲ್ಲ ಮಾಡ್ಕೊಂಡು ಈಗ ಏನ್ ಮಾಡ್ತಿದ್ದೀರ?

ಮದುವೆ, ನಾಮಕರಣ, ಬಸ್ ಸ್ಟ್ಯಾಂಡು, ಎಲ್ಲಿ ಹೋದ್ರೂ ಇದೇ ಆಗಿದೆ. ಬಾಯಲ್ಲಿ ಹೇಳಿ ಹೇಳಿ ಸಾಕಾಗಿದೆ, ಅದಕ್ಕೇ ಒಂದ್ಸಲ ಬರೆದಿಡ್ತಿದೀನಿ. ನಾನು ಓದಿದ್ದು ಕಮ್ಯುನಿಟಿ ಮೆಡಿಸಿನ್, ಅಂದ್ರೆ ಒಬ್ಬೊಬ್ಬ ರೋಗಿಯ ಬದಲು ಇಡೀ ಸಮುದಾಯದ ಆರೋಗ್ಯ ನೋಡೋ ವಿಭಾಗ, ಈಗಿನ ಕೆಲಸ ತಂಬಾಕಿನ ಮೇಲೆ ರಿಸರ್ಚ್. ಜನ ಯಾಕೆ ಶುರು ಮಾಡ್ತಾರೆ, ಯಾವಾಗ ಬಿಡ್ತಾರೆ, ಯಾವ ಕಾನೂನು ಅಂಗಡಿ ತನಕ ತಲುಪುತ್ತೆ, ಯಾವುದು ಗೆಜೆಟ್‌ನಲ್ಲೇ ಉಳ್ಕೊಳ್ಳುತ್ತೆ, ಇದನ್ನ ಹಳ್ಳಿ ಹಳ್ಳಿ ಸುತ್ತಿ ಲೆಕ್ಕ ಹಾಕಿ ಸರ್ಕಾರದವರ ಮುಂದೆ ಇಡೋದು. ಇಷ್ಟು ಹೇಳಿದ ಮೇಲೆ "ಓ, ಅವೇರ್ನೆಸ್ ಪ್ರೋಗ್ರಾಮಾ!" ಅಂತಾರೆ, ಅಲ್ಲಿಗೆ ನನ್ನ ಬಿಪಿ ಏರುತ್ತೆ.

ಪ್ರಶ್ನೆ ಕೇಳೋದಕ್ಕೆ ಬೇಜಾರಿಲ್ಲ, ಕೇಳೋ ಧಾಟಿಗೆ ಬೇಜಾರು. ದಾವಣಗೆರೇಲಿ ಒಂದು ಗೃಹಪ್ರವೇಶ, ಊಟಕ್ಕೆ ಕೂತಿದ್ವಿ, ಎದುರಿಗೆ ನಮ್ಮ ಸೋದರಮಾವನ ಬೀಗರು, ರಿಟೈರ್ಡ್ ಇಂಜಿನಿಯರ್, ಒಳ್ಳೇ ಮನುಷ್ಯರೇ. ಹೋಳಿಗೆಗೆ ತುಪ್ಪ ಹಾಕಿಸ್ಕೊಳ್ತಾ ನಾಲ್ಕು ಜನಕ್ಕೆ ಕೇಳೋ ಹಾಗೆ "ಅಲ್ಲಮ್ಮಾ, ಅಷ್ಟು ಓದಿ ಒಂದು ಗೌರ್ಮೆಂಟ್ ಸೀಟ್ ವೇಸ್ಟ್ ಆಯ್ತಲ್ಲ, ಬೇರೆ ಯಾರಿಗಾದ್ರೂ ಸಿಕ್ಕಿದ್ರೆ ಒಬ್ಬ ಡಾಕ್ಟರ್ ಆಗ್ತಿದ್ದ" ಅಂದ್ರು. ನಮ್ಮತ್ತೆ ನನ್ನ ಮುಖ ನೋಡಿದ್ರು, ನಾನು ಸುಮ್ನಿದ್ದೆ. ಅವರ ಪಕ್ಕ ಅವರ ಕಾರು ಓಡಿಸೋ ಹುಡುಗ ಕೂತಿದ್ದ, ಇಪ್ಪತ್ತೈದು ದಾಟಿರಲಿಲ್ಲ ಅನ್ಸುತ್ತೆ. ಪಲ್ಯ ಮುಟ್ಟಿಲ್ಲ, ಸಾರು ಬೇಡ ಅಂದ, ಹೋಳಿಗೇನ ಉಗುರಷ್ಟಗಲ ಚೂರು ಮಾಡಿ ಹಲ್ಲಿನ ಸಂದಿಯಿಂದ ಒಳಗೆ ತಳ್ತಿದ್ದ.

ಕೈ ತೊಳೆಯೋ ಜಾಗದಲ್ಲಿ ಹಿಡ್ಕೊಂಡು ಕೇಳಿದೆ, ತಮ್ಮಾ, ಖಾರ ಉರಿಯುತ್ತಾ? ಹೂಂ ಮೇಡಂ, ವರ್ಷದ ಮೇಲಾಯ್ತು ಅಂದ. ನಿನ್ನ ಮೂರು ಬೆರಳು ಜೋಡಿಸಿ ನಿಲ್ಲಿಸಿ ಬಾಯೊಳಗೆ ಇಡು ನೋಡೋಣ ಅಂದೆ. ಮಾಮೂಲಿ ಬಾಯಿಗೆ ಮೂರು ಬೆರಳು ಹಿಡಿಸುತ್ತೆ, ಅವನಿಗೆ ಎರಡೂ ಹೋಗ್ಲಿಲ್ಲ. ಕೆನ್ನೆ ಒಳಗೆ ಬೆಳ್ಳಗಾಗಿ ಹಗ್ಗದ ಥರ ಬಿಗಿದಿತ್ತು. ಸಬ್‌ಮ್ಯೂಕಸ್ ಫೈಬ್ರೋಸಿಸ್ ಅಂತಾರೆ ಇದಕ್ಕೆ. ಮುಖ್ಯ ಕಾರಣ ಅಡಿಕೆ, ಅಂದ್ರೆ ಪಾನ್ ಮಸಾಲಾ, ಗುಟ್ಕಾ. ಬಿಗಿದಿದ್ದು ಪೂರ್ತಿ ಸಡಿಲ ಆಗೋದು ಕಷ್ಟ, ಮುಂದೆ ಕ್ಯಾನ್ಸರ್‌ಗೂ ತಿರುಗಬಹುದು. (ಚನ್ನಗಿರಿ ಕಡೆ ಅಡಿಕೆ ವಿಷಯ ಎತ್ತಿದ್ರೆ ಜನ ಸಿಟ್ಟಾಗ್ತಾರೆ ಅಂತ ಗೊತ್ತು, ನಮ್ಮಪ್ಪನಿಗೂ ತೋಟ ಇದೆ. ಆದ್ರೂ ಡಬ್ಲ್ಯೂಎಚ್‌ಓದ ಕ್ಯಾನ್ಸರ್ ಸಂಶೋಧನಾ ಸಂಸ್ಥೆ ಅಡಿಕೇನ ಕ್ಯಾನ್ಸರ್ ತರೋ ವಸ್ತುಗಳ ಪಟ್ಟಿಗೆ ಸೇರಿಸಿ ಎಷ್ಟೋ ವರ್ಷ ಆಯ್ತು, ಅದನ್ನ ಮುಚ್ಚಿಟ್ಟು ಮಾತಾಡೋಕೆ ನನ್ನಿಂದ ಆಗಲ್ಲ.)

ಡಾಕ್ಟರಿಗೆ ತೋರಿಸಿದ್ಯಾ ಅಂದೆ. ತೋರಿಸಿದ್ದ, ಒಂದಲ್ಲ ಎರಡು ಕಡೆ. ಬಾಯಿ ಹುಣ್ಣು ಅಂತ ಬಿ ಕಾಂಪ್ಲೆಕ್ಸ್ ಮಾತ್ರೆ, ಹಚ್ಚೋಕೆ ಜೆಲ್ ಕೊಟ್ಟಿದ್ರು. ಏನ್ ಜಗೀತೀಯ ಅಂತ ಯಾರೂ ಕೇಳಿರಲಿಲ್ಲ.

ಈಗ ಹೇಳಿ, ವೇಸ್ಟ್ ಆಗಿದ್ದು ಯಾವ ಸೀಟು?

ಕ್ಲಿನಿಕ್ಕಲ್ಲಿ ಕೂತೋರನ್ನ ಬೈಯೋಕೆ ಇದನ್ನ ಹೇಳ್ತಿಲ್ಲ. ಒಂದು ಒಪಿಡೀಲಿ ಬೆಳಿಗ್ಗೆ ನೂರು ಜನ ನಿಂತಿರ್ತಾರೆ, ಒಬ್ಬರಿಗೆ ಎರಡು ನಿಮಿಷ ಸಿಕ್ಕಿದ್ರೆ ಪುಣ್ಯ. ಆದ್ರೆ ಆ ಹುಡುಗ ಕ್ಲಿನಿಕ್ ಬಾಗಿಲಿಗೆ ಬರೋ ಹೊತ್ತಿಗೆ ಕಾಯಿಲೆ ಅರ್ಧ ದಾರಿ ನಡೆದಾಗಿರುತ್ತೆ, ಅದು ಶುರುವಾಗೋದು ಅವನೂರಿನ ಬೀಡಾ ಅಂಗಡಿ ಮುಂದೆ. ಅಲ್ಲಿ ಹೋಗಿ ನಿಂತು ನೋಡಿ. ಮೇಲಿಂದ ಸರ ಸರ ಪೌಚು ತೂಗಾಡ್ತಿರುತ್ತೆ, ಒಂದು ಸರ ಪಾನ್ ಮಸಾಲಾ, ಪಕ್ಕದ ಸರ ತಂಬಾಕು. ಹುಡುಗರು ಎರಡನ್ನೂ ಒಟ್ಟಿಗೆ ಕಿತ್ಕೊಂಡು, ಹಲ್ಲಲ್ಲಿ ಹರಿದು, ಚಿಕ್ಕದನ್ನ ದೊಡ್ಡದಕ್ಕೆ ಸುರಿದು, ಕುಲುಕಿ ಬಾಯಿಗೆ ಹಾಕ್ಕೊಳ್ತಾರೆ. ಯಾಕೆ ಹೀಗೆ? ಆಹಾರ ಪದಾರ್ಥಕ್ಕೆ ತಂಬಾಕು, ನಿಕೋಟಿನ್ ಸೇರಿಸಬಾರದು ಅಂತ 2011ರಲ್ಲಿ ಆಹಾರ ಸುರಕ್ಷತೆ ನಿಯಮ ಬಂತು, ಅದರ ಮೇಲೆ 2013ರಲ್ಲಿ ಕರ್ನಾಟಕ ಗುಟ್ಕಾ ಬ್ಯಾನ್ ಮಾಡ್ತು. ಕಂಪನಿಗಳು ಒಂದೇ ಪೌಚಲ್ಲಿ ಬೆರೆಸಿ ಮಾರೋದು ಬಿಟ್ಟು ಬೇರೆ ಬೇರೆ ಪೌಚ್ ಮಾಡಿದ್ವು, ಬೆರೆಸೋ ಕೆಲಸ ಗಿರಾಕಿಗೆ ಬಿಟ್ವು. ಈ ಕಳ್ಳದಾರೀನ ಯಾರೋ ಅಂಗಡಿ ಅಂಗಡಿ ತಿರುಗಿ ನೋಡಿ, ಬರೆದು, ನಿಯಮ ಬದಲಾಯಿಸಿ ಅಂತ ಬೆನ್ನು ಹತ್ತಬೇಕಲ್ವಾ? ನನ್ನ ಕೆಲಸ ಅದು. ಅದಕ್ಕೆ ಸ್ಟೆತಸ್ಕೋಪ್ ಬೇಕಾಗಲ್ಲ, ಆದ್ರೆ ಆ ಬಾಯೊಳಗೆ ಏನಾಗ್ತಿದೆ ಅಂತ ಗೊತ್ತಿರಲೇಬೇಕು.

ಸಿಗರೇಟಿಂದೂ ಇದೇ ಕಥೆ. 2016ರ ಏಪ್ರಿಲ್‌ನಿಂದ ಪ್ಯಾಕಿನ 85% ಜಾಗದಲ್ಲಿ ಚಿತ್ರ ಸಮೇತ ಆರೋಗ್ಯ ಎಚ್ಚರಿಕೆ ಇರಲೇಬೇಕು ಅಂತಾಯ್ತು. ಟೀ ಅಂಗಡೀಲಿ ಒಂದೊಂದೇ ಬಿಡಿ ಸಿಗರೇಟ್ ತಗೊಳ್ಳೋನಿಗೆ ಪ್ಯಾಕೇ ಕಾಣಲ್ಲ, ಇನ್ನು ಚಿತ್ರ ಎಲ್ಲಿಂದ ಕಾಣುತ್ತೆ. ಬಿಡಿ ಮಾರಾಟಕ್ಕೆ ನಮ್ಮ ರಾಜ್ಯದಲ್ಲಿ ನಿಷೇಧ ಇದೆ, 2025ರಲ್ಲಿ ಜಾರಿಯಾದ ತಿದ್ದುಪಡೀಲಿ ಕೊಳ್ಳೋ ವಯಸ್ಸನ್ನ 18ರಿಂದ 21ಕ್ಕೆ ಏರಿಸಿದ್ದಾರೆ, ಸಾರ್ವಜನಿಕ ಜಾಗದಲ್ಲಿ ಸೇದಿದ್ರೆ ದಂಡ 200 ಇದ್ದಿದ್ದು 1000 ರೂಪಾಯಿ ಆಗಿದೆ. ಅದು ಅಂಗಡಿ ತನಕ ಇಳಿಯೋದು ಇನ್ನೂ ಬಾಕಿ.

ಇದೆಲ್ಲ ಮಾಡಿ ಏನ್ ಸಾಧಿಸಿದ್ರಿ ಅಂತಾನೂ ಕೇಳ್ತಾರೆ. ಕೇಂದ್ರ ಸರ್ಕಾರದ ಸಮೀಕ್ಷೆ ಪ್ರಕಾರ 2009-10ರಲ್ಲಿ ಕರ್ನಾಟಕದ 28.2% ವಯಸ್ಕರು ಯಾವುದೋ ಒಂದು ರೂಪದಲ್ಲಿ ತಂಬಾಕು ಬಳಸ್ತಿದ್ರು, 2016-17ಕ್ಕೆ ಅದು 22.8% ಆಯ್ತು. ಒಂದೇ ಕಾನೂನಿಂದ ಆಗಿದ್ದಲ್ಲ, ನನ್ನಿಂದ ಆಗಿದ್ದು ಅಂತೂ ಖಂಡಿತ ಅಲ್ಲ. ಆದ್ರೆ ಅದು ಲಕ್ಷಗಟ್ಟಲೆ ಜನ, ಅಷ್ಟು ಜನರನ್ನ ಒಂದು ಕ್ಲಿನಿಕ್ಕಲ್ಲಿ ಕೂತು ನೋಡೋಕೆ ಯಾವ ಜನ್ಮದಲ್ಲೂ ಆಗಲ್ಲ.

ಯಾರೂ ಕೇಳದ ಪ್ರಶ್ನೆ ಒಂದಿದೆ, ಅದನ್ನ ಕೇಳಲಿ ಅಂತ ನಾನು ಕಾಯ್ತಿರ್ತೀನಿ. ಗೊತ್ತಿದ್ದೂ ಜನ ಯಾಕೆ ಬಿಡಲ್ಲ ಅಂತ ಎಲ್ರೂ ಕೇಳ್ತಾರೆ, ಬಿಡಬೇಕು ಅಂದ್ಕೊಂಡೋರಿಗೆ ನಾವೇನು ಸಹಾಯ ಮಾಡಿದ್ವಿ ಅಂತ ಒಬ್ಬರೂ ಕೇಳಲ್ಲ. ಅದೇ 2016-17ರ ಸಮೀಕ್ಷೆಯ ದೇಶದ ಲೆಕ್ಕದಲ್ಲಿ, ಸೇದೋರಲ್ಲಿ 55.4% ಜನ ಬಿಡೋ ಯೋಚನೇಲಿದ್ರು. ಅಂದ್ರೆ ಅರ್ಧಕ್ಕಿಂತ ಜಾಸ್ತಿ ಜನಕ್ಕೆ ಮನಸ್ಸಿದೆ. ಆದ್ರೆ ಡಾಕ್ಟರ್, ನರ್ಸ್ ಹತ್ರ ಹೋಗಿದ್ದವರಲ್ಲಿ ಬಿಡಿ ಅಂತ ಹೇಳಿಸ್ಕೊಂಡೋರು, ಸೇದೋರಲ್ಲಿ 48.8%, ಜಗಿಯೋರಲ್ಲಿ ಬರೀ 31.7%. ಆ ಡ್ರೈವರ್ ಹುಡುಗ ಉಳಿದ ಮೂರನೇ ಎರಡು ಭಾಗದಲ್ಲಿ ಒಬ್ಬ. ಮನೋಬಲ ಇಲ್ಲ, ಚಟ ಅಂತ ಅವನನ್ನ ಬೈಯೋರಿಗೆ ಈ ಲೆಕ್ಕ ಗೊತ್ತಿದ್ರೆ ಚೆನ್ನಾಗಿತ್ತು. ರಾತ್ರಿ ಪೂರ್ತಿ ಗಾಡಿ ಓಡಿಸಬೇಕು, ನಿದ್ದೆ ಬರಬಾರದು, ಹೊಟ್ಟೆ ಹಸಿದ್ರೂ ತಡ್ಕೋಬೇಕು, ಕೈಗೆಟಕೋ ದುಡ್ಡಿಗೆ ಪೌಚು ಸಿಗುತ್ತೆ. ಇದನ್ನೆಲ್ಲ ಹಾಗೇ ಇಟ್ಟು ಅವನಿಗೆ ಬರೀ ಬುದ್ಧಿ ಹೇಳಿದ್ರೆ ಏನ್ ಪ್ರಯೋಜನ?

ಹಾಗಂತ ಡಾಕ್ಟರ್ ಹೇಳೋ ಮಾತು ದಂಡ ಅಲ್ಲ. ಸಹಾಯ ಇಲ್ಲದೆ ತಾವಾಗೇ ಬಿಡೋರು ನೂರಕ್ಕೆ ಎರಡೋ ಮೂರೋ ಜನ. ಡಾಕ್ಟರ್ ಕೂರಿಸಿ ಒಂದೆರಡು ನಿಮಿಷ ಮಾತಾಡಿದ್ರೆ ಇನ್ನೂ ಒಬ್ಬರಿಂದ ಮೂರು ಜನ ಸೇರ್ತಾರೆ. ಕೇಳೋಕೆ ಏನೂ ಅಲ್ಲ ಅನ್ಸುತ್ತೆ, ರಾಜ್ಯದ ಪ್ರತಿ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ, ಪ್ರತಿ ದಿನಕ್ಕೆ ಗುಣಿಸಿ ನೋಡಿ. ಇದರ ಜೊತೆ ತಂಬಾಕಿನ ಬೆಲೆ ಏರಬೇಕು, ನಮ್ಮಂಥ ದೇಶಗಳಲ್ಲಿ ಬೆಲೆ 10% ಏರಿದ್ರೆ ಬಳಕೆ ಸುಮಾರು 5% ಇಳಿಯುತ್ತೆ, ಬೀಡಿ ಮಾತ್ರ ವರ್ಷಾನುವರ್ಷ ಅಗ್ಗವಾಗೇ ಉಳ್ಕೊಂಡಿದೆ. ಬೀಡಿ ಕಟ್ಟೋ ಹೆಂಗಸರ ಗತಿ ಏನು ಅಂತ ಮಂಗಳೂರು ಕಡೆಯೋರು ಕೇಳ್ತಾರೆ, ಹುಣಸೂರು ಪಿರಿಯಾಪಟ್ಟಣದಲ್ಲಿ ತಂಬಾಕು ಬೆಳೆಯೋ ರೈತರೂ ಅದನ್ನೇ ಕೇಳ್ತಾರೆ. ನ್ಯಾಯವಾದ ಪ್ರಶ್ನೆ, ಅವರಿಗೆ ಬೇರೆ ಕೆಲಸ, ಬೇರೆ ಬೆಳೆಗೆ ದುಡ್ಡಿಡದೆ ಬರೀ ತೆರಿಗೆ ಏರಿಸೋದನ್ನ ನಾನೂ ಒಪ್ಪಲ್ಲ.

ಸದ್ಯ ನಾವು ಒದ್ದಾಡ್ತಿರೋದು ಒಂದು ಸಾಲಿಗೆ. ಒಪಿಡಿ ಚೀಟೀಲಿ ಬಿಪಿ ಬರೆಯೋ ಜಾಗದ ಪಕ್ಕ "ತಂಬಾಕು: ಹೌದು / ಇಲ್ಲ" ಅಂತ ಪ್ರಿಂಟ್ ಆಗಬೇಕು, ಹೌದು ಅಂದೋರನ್ನ ಕೂರಿಸಿ ಎರಡು ಮಾತಾಡೋಕೆ ನರ್ಸಿಗೆ ಟ್ರೈನಿಂಗ್ ಕೊಡಬೇಕು. ಅದಕ್ಕೆ ಮೀಟಿಂಗ್ ಮೇಲೆ ಮೀಟಿಂಗ್ ನಡೀತಿದೆ. ನೀವು ಬಿಡಬೇಕು ಅಂತಿದ್ರೆ ಆ ಚೀಟಿಗೆ ಕಾಯಬೇಡಿ, ಪ್ಯಾಕಿನ ಮೇಲೇ ತಂಬಾಕು ಬಿಡೋಕೆ ಸಹಾಯವಾಣಿ ನಂಬರ್ ಇದೆ, 1800-11-2356, ದುಡ್ಡು ಕೊಡಬೇಕಾಗಿಲ್ಲ, ಕನ್ನಡದಲ್ಲೂ ಮಾತಾಡ್ತಾರೆ.