30% ಸಹಿ ಬಂತೆಂದು ಅರ್ಜಿ ಹಾಕಬೇಡಿ

ಅಮೆರಿಕದ ಕಾರ್ಖಾನೆಯಲ್ಲಿ ಯೂನಿಯನ್ ಬೇಕೇ ಬೇಡವೇ ಎಂಬ ಚುನಾವಣೆ ಕೇಳಲು 30% ಕಾರ್ಮಿಕರ ಸಹಿ ಇದ್ದರೆ ಕಾನೂನಿಗೆ ಸಾಕು. ಆದರೆ ಅಷ್ಟಕ್ಕೇ ಅರ್ಜಿ ಹಾಕುವುದು ದುಡುಕು. ಮಾಲೀಕರ ಪ್ರಚಾರ ಶುರುವಾದ ಮೇಲೆ ಬೆಂಬಲ ಕರಗುವುದೇ ಹೆಚ್ಚು. ಪಳಗಿದ ಸಂಘಟಕರು 60–70% ದಾಟುವವರೆಗೆ ಕಾಯುತ್ತಾರೆ. ಬೆಂಬಲ ಸೂಚಿಸಿ ಕಾರ್ಮಿಕರು ತುಂಬುವ ಕಾರ್ಡಿನಲ್ಲಿ ಸಹಿಯ ಜೊತೆ ದಿನಾಂಕವೂ ಇರಬೇಕು.

ಅರ್ಜಿ ಹೋಗುವುದು ಈ ಚುನಾವಣೆ ನಡೆಸುವ ಸರ್ಕಾರಿ ಸಂಸ್ಥೆಯಾದ ರಾಷ್ಟ್ರೀಯ ಕಾರ್ಮಿಕ ಸಂಬಂಧ ಮಂಡಳಿಯ (NLRB) ಪ್ರಾದೇಶಿಕ ಕಚೇರಿಗೆ. ನಿಜವಾದ ಜಗ್ಗಾಟ ನಡೆಯುವುದು ಮತದಾರರು ಯಾರು ಎಂಬಲ್ಲಿ. ಸೂಪರ್‌ವೈಸರ್‌ಗಳಿಗೆ ಮತವಿಲ್ಲ. ಲೈನ್ ಲೀಡರ್? ಹುದ್ದೆಯ ಹೆಸರು ಮುಖ್ಯವಲ್ಲ. ಶಿಸ್ತುಕ್ರಮ, ಬಡ್ತಿ, ಕೆಲಸದ ಹಂಚಿಕೆಯಲ್ಲಿ ಸ್ವಂತ ವಿವೇಚನೆಯ ಅಧಿಕಾರ ಉಂಟೇ ಎಂದು ನೋಡುತ್ತಾರೆ. ಮೆಂಟೆನೆನ್ಸ್‌ನವರನ್ನು ಬಿಟ್ಟು ನೀವು ಲೆಕ್ಕ ಹಾಕಿದ್ದು, ಕಂಪನಿ ವಾದಿಸಿ ಅವರನ್ನೂ ಸೇರಿಸಿದರೆ, ನಿಮ್ಮ ಶೇಕಡಾವಾರು ಅಲ್ಲೇ ಕುಸಿಯುತ್ತದೆ.

ಮತದಾನಕ್ಕೆ ಮುಂಚಿನ 24 ಗಂಟೆ, ಕಂಪನಿ ಕೆಲಸದ ವೇಳೆಯಲ್ಲಿ ಎಲ್ಲರನ್ನೂ ಕೂಡಿಸಿ ಭಾಷಣ ಮಾಡುವಂತಿಲ್ಲ. ಒಬ್ಬೊಬ್ಬರನ್ನೇ ಕರೆದು ಮಾತಾಡುವುದಕ್ಕೆ ಈ ತಡೆಯಿಲ್ಲ, ಎಚ್ಚರ!

ಎಣಿಸುವುದು ಚಲಾವಣೆಯಾದ ಮತಗಳನ್ನಷ್ಟೇ. ಸಮವಾದರೆ ಯೂನಿಯನ್ ಸೋತಂತೆ. ಟೆನೆಸೀ ರಾಜ್ಯದ ಚಟನೂಗಾದ ಫೋಕ್ಸ್‌ವ್ಯಾಗನ್ ಕಾರು ಕಾರ್ಖಾನೆಯಲ್ಲಿ ಯೂನಿಯನ್ 2014ರಲ್ಲಿ 626–712, 2019ರಲ್ಲಿ 776–833 ಮತಗಳಿಂದ ಸೋತಿತು. 2024ರಲ್ಲಿ 2,628–985ರಿಂದ ಗೆದ್ದಿತು. ಸೋತ ಘಟಕದಲ್ಲಿ 12 ತಿಂಗಳು ಮತ್ತೊಂದು ಚುನಾವಣೆ ಇಲ್ಲ.