ಬೀಜದ್ದಲ್ಲ ತಪ್ಪು

ಅಕ್ಕನ ಫೋನು ಬೆಳಿಗ್ಗೆನೇ ಬಂತು. "ಮೆಣಸಿನ ಬೀಜ ಅರ್ಧ ಹುಟ್ಟಲೇ ಇಲ್ಲ. ಟೊಮೆಟೊ ಸಸಿ ನಿನ್ನೆ ಚೆನ್ನಾಗಿತ್ತು, ಇವತ್ತು ಮಲಗಿಬಿಟ್ಟಿದೆ. ಬೀಜನೇ ಸರಿ ಇಲ್ಲ ಕಣೋ."

ಹೋಗಿ ನೋಡಿದೆ. ಬಿದ್ದ ಸಸಿಗಳ ಎಲೆ ಇನ್ನೂ ಹಸಿರಾಗೇ ಇತ್ತು. ಒಂದನ್ನು ಕಿತ್ತೆ. ಮಣ್ಣಿಗೆ ತಾಗುವ ಜಾಗದಲ್ಲಿ ಕಾಂಡ ದಾರದಷ್ಟು ಸಣ್ಣಗಾಗಿ, ನೀರು ಕುಡಿದಂತೆ ಕಂದು ಬಣ್ಣಕ್ಕೆ ತಿರುಗಿತ್ತು. ಮೆಣಸಿನ ಸಾಲನ್ನು ಕಡ್ಡಿಯಿಂದ ಕೆದಕಿದೆ. ಸಿಕ್ಕಿದ ಬೀಜವನ್ನು ಒತ್ತಿದರೆ ಪಿಚಕ್ ಅಂತ ಒಡೆಯಿತು. ಕೆಲವಕ್ಕೆ ಮೊಳಕೆ ಬಂದು ತುದಿ ಕಪ್ಪಾಗಿತ್ತು. ಮೊಳಕೆ ಬಂದಿದೆ ಅಂದಮೇಲೆ ಬೀಜವನ್ನು ಬೈದು ಏನು ಪ್ರಯೋಜನ?

ಸಸಿ ಸತ್ತಿದ್ದು ಮಡಿಯ ತಗ್ಗಿನ ಕಡೆ, ನೀರು ನಿಲ್ಲುವಲ್ಲಿ. ಅಲ್ಲಿಂದ ಸುತ್ತ ಹರಡಿತ್ತು. ಇದು ಪಿಥಿಯಂ ಕೆಲಸ ಅನ್ನಿಸಿತು, ಮಣ್ಣಲ್ಲಿದ್ದು ಸಸಿಯ ಬುಡ ಕೊಳೆಸುವ, ಶಿಲೀಂಧ್ರದಂಥ ಜೀವಿ. ಅದರ ಬೀಜಕಣಗಳು ಮಣ್ಣಿನ ನೀರಲ್ಲಿ ಈಜಿಕೊಂಡೇ ಹೋಗುತ್ತವೆ. ಸಸಿ ಕೊಳೆಸುವ ಇನ್ನೊಂದು ಶಿಲೀಂಧ್ರ ರೈಜೋಕ್ಟೋನಿಯಾ ಆಗಿದ್ದರೆ ಬುಡದಲ್ಲಿ ಒಣಗಿದ, ಕೆಂಗಂದು ಗಾಯ ಕಾಣುವುದು ಜಾಸ್ತಿ.

"ಕಾರ್ಬೆಂಡಜಿಮ್ ಹೊಡೆದಿದ್ದೀನಲ್ಲ" ಅಂದಳು. ಅದು ಶಿಲೀಂಧ್ರ ಕೊಲ್ಲುವ ಔಷಧ, ಆದರೆ ಪಿಥಿಯಂಗೆ ನಾಟುವುದೇ ಇಲ್ಲ. ರೈಜೋಕ್ಟೋನಿಯಾಗೆ ಸರಿ. ಎರಡಕ್ಕೂ ಒಂದೇ ಔಷಧ ಅಂತ ಹೊಡೆಯುವವರೇ ಹೆಚ್ಚು.

ಬಿದ್ದ ಸಸಿಗಳನ್ನು ಮಣ್ಣಿನ ಸಮೇತ ತೆಗೆದೆವು. ಉಳಿದವಕ್ಕೆ ಕಾಪರ್ ಆಕ್ಸಿಕ್ಲೋರೈಡ್ ಅನ್ನೋ ತಾಮ್ರದ ಔಷಧ, ಲೀಟರ್ ನೀರಿಗೆ 3 ಗ್ರಾಂ ಕಲಸಿ, ಎಲೆಗಲ್ಲ, ಬುಡದ ಮಣ್ಣು ನೆನೆಯುವ ಹಾಗೆ ಹಾಕಿದೆವು. ಸಂಜೆ ನೀರು ಹಾಕುವುದು ನಿಂತಿತು. "ಒಣಗಲ್ವಾ?" ಅಂತ ಅವಳ ಅನುಮಾನ. ಬೆಳಿಗ್ಗೆ ಹಾಕಿದರೆ ರಾತ್ರಿಯೊಳಗೆ ಮೇಲ್ಮಣ್ಣು ಆರುತ್ತೆ, ಅಷ್ಟೇ ಬೇಕಿರೋದು ಅಂದೆ. ಮೊದಲ ಬೀಜದೆಲೆಗಳಾದ ಮೇಲೆ ನಿಜವಾದ ಎಲೆ ಮೂಡಿ ಕಾಂಡ ಗಟ್ಟಿಯಾಗುವವರೆಗೆ ಸಸಿಗೆ ಅಪಾಯ ಇದ್ದೇ ಇರುತ್ತೆ. ಯೂರಿಯಾ ಹಾಕಿ ಬೇಗ ಬೆಳೆಸಲು ಹೋದರೆ ಕಾಂಡ ಇನ್ನೂ ಮೆತ್ತಗಾಗುತ್ತೆ.

ಮರುಬಿತ್ತನೆಗೆ ಹೊಸ ಜಾಗದಲ್ಲಿ 15 ಸೆಂಟಿಮೀಟರ್ ಎತ್ತರದ ಏರುಮಡಿ ಮಾಡಿದಳು. ಬೀಜಕ್ಕೆ ಟ್ರೈಕೋಡರ್ಮಾ, ಅಂದರೆ ರೋಗ ತರುವ ಶಿಲೀಂಧ್ರಗಳನ್ನು ತಡೆಯುವ ಉಪಕಾರಿ ಶಿಲೀಂಧ್ರ, ಕಿಲೋ ಬೀಜಕ್ಕೆ 4 ಗ್ರಾಂ ಲೆಕ್ಕದಲ್ಲಿ ಹಚ್ಚಿದಳು. ಕ್ಯಾಪ್ಟಾನ್ ಕೂಡ ಬೆರೆಸೋಣ್ವಾ ಅಂತ ಕೇಳಿದಳು. ಬೇಡ ಅಂದೆ, ಕ್ಯಾಪ್ಟಾನ್ ಶಿಲೀಂಧ್ರ ಕೊಲ್ಲುವ ಔಷಧ, ಅದಕ್ಕೆ ಟ್ರೈಕೋಡರ್ಮಾನೂ ಶಿಲೀಂಧ್ರವೇ ಅಲ್ವಾ! ಎರಚುವ ಬದಲು ಸಾಲಲ್ಲಿ ತೆಳುವಾಗಿ ಬಿತ್ತಿದಳು. ಈ ಸಲ ಒಂದು ಮೂಲೆಯಲ್ಲಿ ನಾಲ್ಕಾರು ಸಸಿ ಬಿದ್ದವು. ಕೇಳುವ ಮೊದಲೇ ಮಣ್ಣಿನ ಸಮೇತ ಎತ್ತಿ ಹೊರಗೆ ಹಾಕಿದ್ದಳು.