ಹುಬ್ಬಳ್ಳಿಯ ಗಾಳಿಯ ತೂಕ

ಹುಬ್ಬಳ್ಳಿ, 13 ಜುಲೈ 2024, ಶನಿವಾರ

ಇಂದಿನ ಕೊನೆಯ ರೋಗಿಯ ಚಿಕಿತ್ಸೆ ಮಧ್ಯಾಹ್ನ ಒಂದೂವರೆಗೆ ಮುಗಿಯಿತು. ಊಟ ಮುಗಿಸಿ ಎರಡು ಗಂಟೆಗೆ ಲಿನ್ಯಾಕ್, ಅಂದರೆ ಕ್ಯಾನ್ಸರಿಗೆ ವಿಕಿರಣ ಚಿಕಿತ್ಸೆ ಕೊಡುವ ಯಂತ್ರ, ಇರುವ ಕೋಣೆಗೆ ಹೋದಾಗ ಹೊರಗೆ ಜಿಟಿಜಿಟಿ ಮಳೆ ಹಿಡಿದಿತ್ತು. ಯಂತ್ರ ಬಿಡುವ ವಿಕಿರಣ ಸರಿಯಿದೆಯೇ ಎಂದು ತಿಂಗಳಿಗೊಮ್ಮೆ ಮಾಡುವ ಔಟ್‌ಪುಟ್ ಅಳತೆಗೆ ನಾವು ಶನಿವಾರದ ಮಧ್ಯಾಹ್ನವನ್ನೇ ಇಟ್ಟುಕೊಂಡಿದ್ದೇವೆ. ಏನಾದರೂ ಎಡವಟ್ಟಾದರೆ ಸರಿಪಡಿಸಲು ಭಾನುವಾರ ಕೈಯಲ್ಲಿರುತ್ತದೆ. ಅಳತೆಗೆ ಬೇಕಾದ ಫ್ಯಾಂಟಮ್ಮನ್ನು, ಅಂದರೆ ಉದ್ದ, ಅಗಲ, ಎತ್ತರ ಎಲ್ಲವೂ ಒಂದೊಂದು ಅಡಿಯಿರುವ ಅಕ್ರಿಲಿಕ್ ತೊಟ್ಟಿಯನ್ನು, ನಿನ್ನೆ ಸಂಜೆಯೇ ತುಂಬಿಸಿಟ್ಟಿದ್ದೆವು. ಟ್ಯಾಂಕಿನಿಂದ ಆಗಷ್ಟೇ ಹಿಡಿದ ನೀರಿನ ಉಷ್ಣತೆ ಕೋಣೆಯ ಉಷ್ಣತೆಗೆ ಹೊಂದಿರುವುದಿಲ್ಲ, ಮತ್ತು ಅಲ್ಲಿ ಮೂರು ಡಿಗ್ರಿ ತಪ್ಪಿದರೆ ಡೋಸಿನ ಲೆಕ್ಕದಲ್ಲಿ ಶೇ. 1ರಷ್ಟು ತಪ್ಪುತ್ತದೆ. ನಲ್ಲಿಗೆ ನೀರು ಬರುವ ದಿನವನ್ನು ಬೆರಳು ಮಡಚಿ ಎಣಿಸುವ ಊರಿನಲ್ಲಿ ಪ್ರತಿ ತಿಂಗಳೂ ಇಪ್ಪತ್ತೈದು ಲೀಟರ್ ನೀರನ್ನು ವಿಕಿರಣಕ್ಕೆ ಒಡ್ಡಲೆಂದು ಹಿಡಿಯುವುದನ್ನು ಕಂಡು ನಮ್ಮ ವಾರ್ಡ್ ಬಾಯ್ ಈಗಲೂ ಮುಖ ಸಿಂಡರಿಸುತ್ತಾನೆ. ಆ ನೀರು ವಿಕಿರಣದಿಂದ ಕೆಡುವುದಿಲ್ಲ, ಆಮೇಲೆ ಗಿಡಗಳಿಗೆ ಹಾಕುತ್ತೇವೆ ಎಂದರೂ ಅವನಿಗೆ ನಂಬಿಕೆ ಬಂದಿಲ್ಲ.

ಈ ಅಳತೆ ಏಕೆ ಬೇಕೆಂಬುದನ್ನು, ಈ ದಿನಚರಿಯನ್ನು ಓದುವ ಇತರರಿಗಾಗಿ ಸ್ವಲ್ಪ ಬಿಡಿಸಿ ಬರೆಯುತ್ತೇನೆ. ವೈದ್ಯರು ಡೋಸನ್ನು ಗ್ರೇ ಲೆಕ್ಕದಲ್ಲಿ ಬರೆದುಕೊಡುತ್ತಾರೆ. ಬಾಯಿ, ಗಂಟಲಿನ ಕ್ಯಾನ್ಸರಿಗಾದರೆ ದಿನಕ್ಕೆ 2 ಗ್ರೇಯಂತೆ 33 ದಿನ, ಒಟ್ಟು 66 ಗ್ರೇ ಎಂಬುದು ನಮ್ಮಲ್ಲಿ ಸಾಮಾನ್ಯವಾದ ಚೀಟಿ. ಆದರೆ ಲಿನ್ಯಾಕಿಗೆ ಗ್ರೇ ಎಂದರೇನೆಂದು ತಿಳಿಯದು. ಅದು ತನ್ನ ತಲೆಯೊಳಗಿನ ಮಾನಿಟರ್ ಚೇಂಬರಿನ ಮೂಲಕ ಮಾನಿಟರ್ ಯೂನಿಟ್‌ಗಳನ್ನು, ಅಂದರೆ ಎಂಯುಗಳನ್ನು, ಎಣಿಸುತ್ತದೆ ಅಷ್ಟೆ. ನೂರು ಎಂಯು ಬಿಟ್ಟರೆ ನೀರಿನಲ್ಲಿ ಡೋಸು ಗರಿಷ್ಠವಾಗುವ ಆಳದಲ್ಲಿ ನೂರು ಸೆಂಟಿಗ್ರೇ ಬೀಳಬೇಕು ಎಂಬ ನಂಟನ್ನು ಹೊಂದಿಸಿ, ಅದು ಜಾರದಂತೆ ಕಾಯುವುದು ನಮ್ಮಂಥ ವೈದ್ಯಕೀಯ ಭೌತವಿಜ್ಞಾನಿಗಳ ಕೆಲಸ. ಒಂದು ಗ್ರೇ ಎಂದರೆ ಒಂದು ಕಿಲೋಗ್ರಾಂ ವಸ್ತುವಿಗೆ ಒಂದು ಜೂಲ್ ಶಕ್ತಿ. ಇದರಿಂದ ನೀರು ಬಿಸಿಯಾಗುವುದು ಸುಮಾರು 0.00024 ಡಿಗ್ರಿ ಮಾತ್ರ, ಆದ್ದರಿಂದ ಆಸ್ಪತ್ರೆಯಲ್ಲಿ ಥರ್ಮಾಮೀಟರ್ ಅದ್ದಿ ಡೋಸನ್ನು ಅಳೆಯುವ ಮಾತೇ ಇಲ್ಲ. ಬದಲಿಗೆ 0.6 ಘನ ಸೆಂಟಿಮೀಟರ್ ಗಾಳಿಯನ್ನು ಹಿಡಿದಿರುವ, ಕಿರುಬೆರಳಿಗಿಂತ ಸಪೂರವಾದ ಚೇಂಬರನ್ನು ನೀರಿನಲ್ಲಿ 10 ಸೆಂಟಿಮೀಟರ್ ಆಳಕ್ಕೆ ಇಳಿಸುತ್ತೇವೆ. ಬ್ರಿಟನ್ನಿನ ಭೌತವಿಜ್ಞಾನಿ ಫ್ರ್ಯಾಂಕ್ ಫಾರ್ಮರ್ 1955ರಲ್ಲಿ ಪ್ರಕಟಿಸಿದ ವಿನ್ಯಾಸದಿಂದ ಬಂದದ್ದು ಇದು. ಇವತ್ತಿಗೂ ಎಲ್ಲರೂ ಫಾರ್ಮರ್ ಚೇಂಬರ್ ಎಂದೇ ಕರೆಯುತ್ತಾರೆ. ಅದರೊಳಗಿನ ಗಾಳಿಯಲ್ಲಿ ವಿಕಿರಣ ಹುಟ್ಟಿಸಿದ ವಿದ್ಯುದಂಶವನ್ನು ಎಲೆಕ್ಟ್ರೋಮೀಟರ್ ನ್ಯಾನೊಕೂಲಂಬುಗಳಲ್ಲಿ ತೋರಿಸುತ್ತದೆ, ಮತ್ತು ಟ್ರಾಂಬೆಯ ಭಾಭಾ ಅಣು ಸಂಶೋಧನಾ ಕೇಂದ್ರದಿಂದ ಬಂದ ಪ್ರಮಾಣಪತ್ರದಲ್ಲಿರುವ ಗುಣಕದಿಂದ ಅದನ್ನು ಗುಣಿಸಿ ಡೋಸನ್ನು ಪಡೆಯುತ್ತೇವೆ.

ಈ ಚೇಂಬರಿನ ಗಾಳಿಗೂ ಹೊರಗಿನ ಗಾಳಿಗೂ ನಡುವೆ ತಡೆಯಿಲ್ಲ. ಒತ್ತಡ ಇಳಿದರೆ ಒಳಗಿನ ಗಾಳಿ ತೆಳುವಾಗುತ್ತದೆ, ಗಾಳಿ ತೆಳುವಾದರೆ ಅದೇ ವಿಕಿರಣಕ್ಕೆ ರೀಡಿಂಗ್ ಕಡಿಮೆ ಬರುತ್ತದೆ. ಪ್ರಮಾಣಪತ್ರದ ಗುಣಕವಾದರೋ 20 ಡಿಗ್ರಿ ಉಷ್ಣತೆ, 1013.25 ಹೆಕ್ಟೊಪಾಸ್ಕಲ್ ಒತ್ತಡಕ್ಕೆ ಕೊಟ್ಟದ್ದು. ಹೀಗಾಗಿ ಪ್ರತಿ ಅಳತೆಯಲ್ಲೂ ಆ ದಿನದ ಉಷ್ಣತೆ, ಒತ್ತಡಗಳ ತಿದ್ದುಪಡಿ ಸೇರಲೇಬೇಕು. ಇವತ್ತಿನ ಮಧ್ಯಾಹ್ನವನ್ನೆಲ್ಲ ತಿಂದದ್ದು ಇದೊಂದು ತಿದ್ದುಪಡಿ.

ನಮ್ಮಲ್ಲಿ ಇಂಟರ್ನ್‌ಶಿಪ್ ಮಾಡುತ್ತಿರುವ ಸವಣೂರಿನ ಹುಡುಗ ಈ ಸಲ ಅಳತೆಯನ್ನು ಸ್ವತಃ ಮಾಡುತ್ತೇನೆಂದು ಕೇಳಿಕೊಂಡಿದ್ದ. ಕೈ ಚುರುಕು, ಅಕ್ಷರ ದುಂಡಗೆ. 10×10 ಸೆಂಟಿಮೀಟರ್ ಫೀಲ್ಡ್ (ಕಿರಣ ಬೀಳುವ ಚೌಕ), ನೀರಿನ ಮೇಲ್ಮೈಗೆ 100 ಸೆಂಟಿಮೀಟರ್ ದೂರ, 6 ಎಂವಿ (ಮೆಗಾವೋಲ್ಟ್) ಕಿರಣ, 100 ಎಂಯು. ಮೂರು ಸಲ ತೆಗೆದ ರೀಡಿಂಗಿನ ಸರಾಸರಿ 11.48 ನ್ಯಾನೊಕೂಲಂಬ್. ನಾನು ಕನ್ಸೋಲಿನ ಮುಂದೆ ಕುಳಿತು ಬೇರೆ ಕಡತ ನೋಡುತ್ತಿದ್ದೆ. ಹಾಳೆ ತಂದು ಎದುರಿಗಿಟ್ಟು, "ಸರ್, ಔಟ್‌ಪುಟ್ ಭಾಳ ಕಡಿಮಿ ಬರಾಕತ್ತೈತ್ರಿ. ತೊಂಬತ್ಮೂರು ಪಾಯಿಂಟ್ ಮೂರು," ಎಂದ.

ತಿಂಗಳ ಅಳತೆಯಲ್ಲಿ ನಾವು ಒಪ್ಪುವ ವ್ಯತ್ಯಾಸ ಶೇ. 2, ದಿನದ ಪರೀಕ್ಷೆಗೆ ಶೇ. 3. ನೂರು ಇರಬೇಕಾದ ಅಂಕಿ ಇಲ್ಲಿ ಶೇ. 6.7 ಕಡಿಮೆ. ನಿಜ ಹೇಳಬೇಕೆಂದರೆ ಮೊದಲ ಹತ್ತು ನಿಮಿಷ ನಾನೂ ಯಂತ್ರವನ್ನೇ ಅನುಮಾನಿಸಿದೆ. ಈ ವಾರ ಎರಡು ಬಾರಿ ಕರೆಂಟು ಹೋಗಿ ಯಂತ್ರ ನಡುವೆಯೇ ನಿಂತಿತ್ತು, ಆ ಕಹಿ ಇನ್ನೂ ಮನಸ್ಸಿನಲ್ಲಿತ್ತು. ಔಟ್‌ಪುಟ್ ಏರಿಸುವುದು ದೊಡ್ಡ ಕೆಲಸವೂ ಅಲ್ಲ. ಸರ್ವಿಸ್ ಮೋಡಿಗೆ ಹೋಗಿ ಒಂದು ಅಂಕಿ ಬದಲಿಸಿದರೆ ಯಂತ್ರ ಹೇಳಿದಂತೆ ಕೇಳುತ್ತದೆ. ಅದು ಅಷ್ಟು ಸುಲಭವಾಗಿರುವುದೇ ನನಗೆ ಯಾವಾಗಲೂ ದಿಗಿಲು.

ಆದರೆ ಬೆಳಿಗ್ಗೆ ಏಳೂವರೆಗೆ ಮಾಡಿದ ದಿನದ ಪರೀಕ್ಷೆಯಲ್ಲಿ ಔಟ್‌ಪುಟ್ 100.6 ಎಂದು ರಿಜಿಸ್ಟರಿನಲ್ಲಿತ್ತು. ಆ ಪರೀಕ್ಷೆಯ ತಟ್ಟೆಯಂಥ ಉಪಕರಣ ತನ್ನ ಒತ್ತಡ, ಉಷ್ಣತೆಗಳನ್ನು ತಾನೇ ನೋಡಿಕೊಳ್ಳುತ್ತದೆ. ಬೆಳಗಿನಿಂದ ಮಧ್ಯಾಹ್ನದೊಳಗೆ ಶೇ. 7ರಷ್ಟು ಜಾರಬೇಕಾದರೆ ಯಂತ್ರದೊಳಗೆ ಏನೋ ಒಡೆದಿರಬೇಕು. ಒಂದನ್ನೊಂದು ಕಾಯುವ ಎರಡು ಮಾನಿಟರ್ ಚೇಂಬರುಗಳಿದ್ದು, ಅವುಗಳ ಲೆಕ್ಕ ಹೊಂದದಿದ್ದರೆ ಕಿರಣ ತಾನಾಗಿಯೇ ನಿಲ್ಲುತ್ತದೆ. ನಿಂತಿರಲಿಲ್ಲ. ಹಾಗಾದರೆ ತಪ್ಪು ಅಳೆಯುವ ಕೋಲಿನಲ್ಲಿದೆಯೇ? ಮಳೆಗಾಲದಲ್ಲಿ ನನಗೆ ಮೊದಲು ನೆನಪಾಗುವುದು ಕೇಬಲಿನ ಕನೆಕ್ಟರು. ತೇವ ಹಿಡಿದರೆ ಕಿರಣವಿಲ್ಲದಿದ್ದರೂ ಎಲೆಕ್ಟ್ರೋಮೀಟರಿನಲ್ಲಿ ಅಂಕಿ ಹರಿದಾಡತೊಡಗುತ್ತದೆ. ಕನೆಕ್ಟರ್ ಬಿಚ್ಚಿ, ಒಣ ಗಾಳಿ ಊದಿ, ಮತ್ತೆ ಸಿಕ್ಕಿಸಿ ಐದು ನಿಮಿಷ ಕಾದೆವು. ಅಂಕಿ ಸೊನ್ನೆಯಲ್ಲೇ ಕುಳಿತಿತ್ತು.

ಇನ್ನು ಉಳಿದದ್ದು ಸ್ಟ್ರಾನ್ಷಿಯಂ. ಚೇಂಬರಿನ ಆರೋಗ್ಯ ನೋಡಲೆಂದೇ ಸ್ಟ್ರಾನ್ಷಿಯಂ-90ರ ಒಂದು ಚಿಕ್ಕ ವಿಕಿರಣ ಮೂಲ ಸೀಸದ ಗೂಡಿನಲ್ಲಿ ನಮ್ಮ ಬಳಿ ಇದೆ. ಅದರ ಅರ್ಧಾಯುಷ್ಯ 28.8 ವರ್ಷ, ಅಂದರೆ ತಿಂಗಳಿಗೆ ಅದು ಸೊರಗುವುದು ಶೇ. 0.2ರಷ್ಟು ಮಾತ್ರ. ಚೇಂಬರನ್ನು ಅದರ ರಂಧ್ರಕ್ಕೆ ತೂರಿಸಿ ಅಳೆದು, ಹುಡುಗ ಅದೇ ತಿದ್ದುಪಡಿ ಹಾಕಿ ಲೆಕ್ಕ ಮಾಡಿದ: ಅಲ್ಲಿಯೂ ನಿರೀಕ್ಷೆಗಿಂತ ಶೇ. 7 ಕಡಿಮೆ. ಒಂದು ಕಡೆ ಲಿನ್ಯಾಕ್, ಇನ್ನೊಂದು ಕಡೆ ಲಿನ್ಯಾಕಿಗೆ ಸಂಬಂಧವೇ ಇಲ್ಲದ ಮೂಲ, ಎರಡೂ ಒಂದೇ ಪ್ರಮಾಣದಲ್ಲಿ ಕುಸಿದಿವೆ. ಯಂತ್ರ ಅಲ್ಲಿಗೆ ನಿರಪರಾಧಿಯಾಯಿತು. ಎರಡು ಲೆಕ್ಕಕ್ಕೂ ಸಮಾನವಾಗಿದ್ದದ್ದು ಚೇಂಬರ್, ಎಲೆಕ್ಟ್ರೋಮೀಟರ್ ಮತ್ತು ಆ ತಿದ್ದುಪಡಿ. ಹಾಳೆಯನ್ನು ಮೇಲಿನಿಂದ ಓದಿದಾಗ ಕಣ್ಣಿಗೆ ಬಿತ್ತು: ಉಷ್ಣತೆ 23.4, ಒತ್ತಡ 1006, ತಿದ್ದುಪಡಿ 1.019.

"ಒತ್ತಡ ಎಲ್ಲಿಂದ ತಗೊಂಡಿ, ತಮ್ಮಾ?"

"ಬ್ಯಾರೋಮೀಟರ್ ಕ್ಯಾಲಿಬ್ರೇಶನ್‌ಗೆ ಹೋಗೈತಲ್ರಿ ಸರ್. ಮೊಬೈಲಿನ್ಯಾಗ ನೋಡಿದೆ. ಹುಬ್ಬಳ್ಳಿ ಅಂತನ ಬರದಿತ್ರಿ."

ಹುಬ್ಬಳ್ಳಿ ಎಂದೇ ಬರೆದಿತ್ತು, ಅದು ಸುಳ್ಳಲ್ಲ. ಆದರೆ ಹವಾಮಾನದವರು ಕೊಡುವ ಒತ್ತಡ ಸಮುದ್ರಮಟ್ಟಕ್ಕೆ ಇಳಿಸಿದ ಲೆಕ್ಕ. ಕಾರವಾರ, ಹುಬ್ಬಳ್ಳಿ, ಮಡಿಕೇರಿಗಳ ಒತ್ತಡವನ್ನು ಇದ್ದಂತೆಯೇ ನಕ್ಷೆಯ ಮೇಲೆ ಬರೆದರೆ ಊರುಗಳ ಎತ್ತರ ಕಾಣಿಸುತ್ತದೆಯೇ ಹೊರತು ಹವೆ ಕಾಣಿಸುವುದಿಲ್ಲ; ಆದ್ದರಿಂದ ಎಲ್ಲ ಊರುಗಳೂ ಕಡಲ ದಂಡೆಯಲ್ಲಿಯೇ ಇವೆಯೆಂದು ಭಾವಿಸಿ ಅಂಕಿಯನ್ನು ಹೊಂದಿಸುತ್ತಾರೆ. ಅವರ ಕೆಲಸಕ್ಕೆ ಅದೇ ಸರಿ. ನನ್ನ ಚೇಂಬರಿನ ಗಾಳಿಗೆ ಮಾತ್ರ ಕಡಲಿನ ಹಂಗಿಲ್ಲ. ಅದಿರುವುದು ಸಮುದ್ರಮಟ್ಟದಿಂದ ಸುಮಾರು 650 ಮೀಟರ್ ಮೇಲೆ, ಈ ಕೋಣೆಯಲ್ಲಿ.

ಬ್ರ್ಯಾಕಿಥೆರಪಿ (ದೇಹದೊಳಗೆ ವಿಕಿರಣ ಮೂಲವಿಟ್ಟು ಕೊಡುವ ಚಿಕಿತ್ಸೆ) ಕೋಣೆಯ ಕಪಾಟಿನಲ್ಲಿ ಹಳೆಯ ಅನೆರಾಯ್ಡ್ ಬ್ಯಾರೋಮೀಟರ್ ಒಂದು ಬಿದ್ದಿದೆ ಎಂಬುದು ನೆನಪಾಯಿತು. ಹಿತ್ತಾಳೆಯ ಅಂಚು, ಹಳದಿ ಬಣ್ಣಕ್ಕೆ ತಿರುಗಿದ ಮುಖ. ಗಾಜನ್ನು ಬೆರಳಿನಿಂದ ಮೆಲ್ಲಗೆ ತಟ್ಟಿದಾಗ ಮುಳ್ಳು ಒಮ್ಮೆ ನಡುಗಿ 934ರ ಮೇಲೆ ನಿಂತಿತು. ಇದರ ಮಾತನ್ನೂ ಕಣ್ಣು ಮುಚ್ಚಿ ನಂಬುವಂತಿಲ್ಲವಾದ್ದರಿಂದ ಹಿಂದಿನ ವರ್ಷಗಳ ಜುಲೈ ತಿಂಗಳ ಪುಟಗಳನ್ನು ತೆರೆದು ನೋಡಿದೆ. ಡಿಜಿಟಲ್ ಬ್ಯಾರೋಮೀಟರಿನಲ್ಲಿ ಬಂದ ಅಂಕಿಗಳೂ ಇದರ ಅಕ್ಕಪಕ್ಕದಲ್ಲೇ ಇದ್ದವು. 934 ಹಾಕಿದರೆ ತಿದ್ದುಪಡಿ 1.097 ಆಗುತ್ತದೆ, ಔಟ್‌ಪುಟ್ 100.5. ಸ್ಟ್ರಾನ್ಷಿಯಂ ಲೆಕ್ಕವೂ ಕೂಡಲೇ ತನ್ನ ಜಾಗಕ್ಕೆ ಬಂದು ಕುಳಿತಿತು.

ಹುಡುಗನನ್ನು ಬೈಯಲು ನನಗೆ ಬಾಯಿ ಬರಲಿಲ್ಲ. ನಾನು ಕೆಲಸ ಕಲಿತದ್ದು ಕರಾವಳಿಯ ಆಸ್ಪತ್ರೆಯೊಂದರಲ್ಲಿ. ಅಲ್ಲಿ ಈ ತಿದ್ದುಪಡಿ 1.01, 1.02ರ ಸುತ್ತಲೇ ಸುಳಿದಾಡುತ್ತಿತ್ತು, ಮತ್ತು ಕೈ ಅದಕ್ಕೇ ಒಗ್ಗಿಹೋಗಿತ್ತು. ಹುಬ್ಬಳ್ಳಿಗೆ ಬಂದ ಮೊದಲ ವಾರ 1.09 ಕಂಡಾಗ ಮೂರು ಸಲ ಲೆಕ್ಕ ಮಾಡಿ, ಕೊನೆಗೆ ಬ್ಯಾರೋಮೀಟರೇ ಕೆಟ್ಟಿದೆಯೆಂದು ಹಿರಿಯರ ಮುಂದೆ ದೂರಿದ್ದೆ. ಅವರು ನಕ್ಕು, "ಘಟ್ಟ ಹತ್ತಿ ಬಂದೀರಿ, ಗಾಳಿ ಹಗುರಾಗೇದ," ಎಂದಿದ್ದರು.

ಇವತ್ತು 93.3ನ್ನು ನಂಬಿ ಔಟ್‌ಪುಟ್ ಏರಿಸಿದ್ದರೆ ಸೋಮವಾರದಿಂದ 66 ಗ್ರೇ ಚೀಟಿಯ ರೋಗಿಗೆ ಒಟ್ಟು 70 ಗ್ರೇಗೂ ಹೆಚ್ಚು ಬೀಳುತ್ತಿತ್ತು. ರೋಗಿಗೆ ತಲುಪುವ ಡೋಸು ಬರೆದುಕೊಟ್ಟದ್ದರ ಶೇ. 5ರೊಳಗೆ ಇರಬೇಕೆಂದು ಅಂತರರಾಷ್ಟ್ರೀಯ ವಿಕಿರಣ ಮಾಪನ ಆಯೋಗ 1976ರಲ್ಲಿಯೇ ಹೇಳಿದೆ, ಮತ್ತು ಆ ಐದರಲ್ಲಿ ರೋಗಿಯನ್ನು ಮಲಗಿಸುವುದು, ಪ್ಲ್ಯಾನಿಂಗ್, ಯಂತ್ರ ಎಲ್ಲದರ ಪಾಲೂ ಸೇರಿದೆ. ಒತ್ತಡದ ಒಂದೇ ಅಂಕಿ ಅಷ್ಟನ್ನೂ ನುಂಗಿ ಮುಂದೆ ಹೋಗುತ್ತಿತ್ತು. ಒಬ್ಬ ರೋಗಿಯ ಪ್ಲ್ಯಾನಿನಲ್ಲಿ ಆದ ತಪ್ಪು ಒಬ್ಬರನ್ನು ತಟ್ಟುತ್ತದೆ. ಕ್ಯಾಲಿಬ್ರೇಶನ್ ತಪ್ಪು ಬಾಗಿಲು ದಾಟಿ ಬಂದ ಪ್ರತಿಯೊಬ್ಬರಿಗೂ ಸಮನಾಗಿ ಹಂಚಿಹೋಗುತ್ತದೆ, ಮತ್ತು ಎಲ್ಲರ ಬಾಯಿಯೂ ಒಂದೇ ರೀತಿ ಹುಣ್ಣಾದಾಗ ಯಾರದೂ ಎದ್ದು ಕಾಣುವುದಿಲ್ಲ. ಅಮೆರಿಕದ ಕೊಲಂಬಸ್ ನಗರದಲ್ಲಿ 1974ರಿಂದ 1976ರವರೆಗೆ ಆದದ್ದು ಇದೇ. ಅಲ್ಲಿನ ಯಂತ್ರದ ವಿಕಿರಣ ಮೂಲವಾದ ಕೋಬಾಲ್ಟ್-60ರ ಅರ್ಧಾಯುಷ್ಯ 5.27 ವರ್ಷ, ಅದು ಸೊರಗುವ ಗತಿಯನ್ನು ಗ್ರಾಫ್ ಹಾಳೆಯ ಮೇಲೆ ತಪ್ಪಾಗಿ ಎಳೆದು, 22 ತಿಂಗಳು ಯಂತ್ರವನ್ನು ಅಳೆಯದೆ ಆ ಗೆರೆಯನ್ನೇ ಓದಿಕೊಂಡು ಹೋದರು. ನಾನೂರಕ್ಕೂ ಹೆಚ್ಚು ರೋಗಿಗಳಿಗೆ ಹೆಚ್ಚಿನ ಡೋಸು ಬಿತ್ತು. ಕೋಸ್ಟರಿಕಾದ ಸ್ಯಾನ್ ಹೊಸೆಯಲ್ಲಿ 1996ರಲ್ಲಿ ಹೊಸ ಕೋಬಾಲ್ಟ್ ಮೂಲವನ್ನು ಅಳೆಯುವಾಗ ಟೈಮರಿನ 0.3 ನಿಮಿಷವನ್ನು 30 ಸೆಕೆಂಡೆಂದು ಓದಿದರು. ಅದು 18 ಸೆಕೆಂಡು. ಮೂಲದ ಬಲ ಇರುವುದಕ್ಕಿಂತ ಕಡಿಮೆಯೆಂದು ಲೆಕ್ಕಕ್ಕೆ ಬಂದು, ಚಿಕಿತ್ಸೆಯ ಸಮಯ ಉದ್ದವಾಗಿ, 115 ರೋಗಿಗಳಿಗೆ ಶೇ. 50ರಿಂದ 60ರಷ್ಟು ಹೆಚ್ಚು ಡೋಸು ಹೋಯಿತು. ಈ ಎರಡು ಕಡೆಯೂ ಯಂತ್ರ ಕೆಟ್ಟಿರಲಿಲ್ಲ. ಅಂತರರಾಷ್ಟ್ರೀಯ ಅಣುಶಕ್ತಿ ಸಂಸ್ಥೆ ಮತ್ತು ವಿಶ್ವ ಆರೋಗ್ಯ ಸಂಸ್ಥೆ 1969ರಿಂದ ಅಂಚೆಯಲ್ಲಿ ಡೋಸನ್ನು ಹಿಡಿದಿಡುವ ಚಿಕ್ಕ ಡೋಸಿಮೀಟರುಗಳನ್ನು ಕಳಿಸಿ ಆಸ್ಪತ್ರೆಗಳ ಡೋಸನ್ನು ಹೊರಗಿನಿಂದ ಪರೀಕ್ಷಿಸುತ್ತಿರುವುದು ಈ ಬಗೆಯ ತಪ್ಪನ್ನು ಹಿಡಿಯಲೆಂದೇ. ಒಳಗಿದ್ದವರಿಗೆ ತಮ್ಮ ತಪ್ಪು ತಮ್ಮದೇ ಲೆಕ್ಕದಲ್ಲಿ ಸರಿಯಾಗಿಯೇ ಕಾಣುತ್ತಿರುತ್ತದೆ.

ಉಳಿದ ಪರೀಕ್ಷೆಗಳು ತಕರಾರಿಲ್ಲದೆ ಮುಗಿದವು. ಗೋಡೆಯ ಲೇಸರುಗಳು ಒಂದು ಮಿಲಿಮೀಟರಿನೊಳಗೆ ಇದ್ದವು, ಬೆಳಕಿನ ಫೀಲ್ಡಿಗೂ ವಿಕಿರಣದ ಫೀಲ್ಡಿಗೂ ಹೊಂದಾಣಿಕೆ ಇತ್ತು, ಬಾಗಿಲು ತೆರೆದೊಡನೆ ಕಿರಣ ನಿಂತಿತು.

ರಿಜಿಸ್ಟರಿನಲ್ಲಿ ಎರಡೂ ಲೆಕ್ಕಗಳನ್ನು ಬರೆಸಿದೆ. ಹುಡುಗ ಮೊದಲ ಲೆಕ್ಕಕ್ಕೆ ಬಿಳಿ ಬಣ್ಣ ಬಳಿಯಲು ಹೊರಟಿದ್ದ. ಬೇಡವೆಂದು, ಓದಲು ಬರುವಂತೆ ಒಂದೇ ಗೆರೆ ಎಳೆಸಿ, ಪಕ್ಕದಲ್ಲಿ ಕಾರಣ ಬರೆಸಿ, ಇಬ್ಬರೂ ಸಹಿ ಹಾಕಿದೆವು. ಇನ್ನು ಮುಂದೆ ಔಟ್‌ಪುಟ್ ಶೇ. 2 ಮೀರಿ ತಪ್ಪಿ ಕಂಡರೆ ಎರಡನೆಯವರು ಬೇರೆ ಚೇಂಬರ್ ಮತ್ತು ಬೇರೆ ಬ್ಯಾರೋಮೀಟರಿನಿಂದ ಅಳೆಯುವವರೆಗೆ ಸರ್ವಿಸ್ ಮೋಡಿನ ಹತ್ತಿರ ಹೋಗಬಾರದೆಂದು ಅದೇ ಪುಟದ ಕೆಳಗೆ ಬರೆದೆ. ಬರೆಯುತ್ತಿರುವಾಗಲೇ ಪೆನ್ನು ನಿಂತಿತು, ಏಕೆಂದರೆ ನಮ್ಮಲ್ಲಿ ಬೇರೆ ಬ್ಯಾರೋಮೀಟರ್ ಎಂದರೆ ಆ ಹಳೆಯ ಹಿತ್ತಾಳೆಯದೊಂದೇ. ಎರಡನೇ ಡಿಜಿಟಲ್ ಬ್ಯಾರೋಮೀಟರಿಗಾಗಿ ನಾನು ಕಳಿಸಿದ ಬೇಡಿಕೆ ಪತ್ರ, ಯಂತ್ರಕ್ಕೆ ಹೋಲಿಸಿದರೆ ಚಿಲ್ಲರೆ ಎನ್ನಬಹುದಾದ ಬೆಲೆಯದು, ಕಳೆದ ವರ್ಷದಿಂದ ಸ್ಟೋರ್ಸ್ ವಿಭಾಗದಲ್ಲಿ ಮಲಗಿದೆ. "ಒಂದು ಇದೆಯಲ್ಲ, ಎರಡು ಏಕೆ?" ಎಂಬ ಷರಾ ಹಾಕಿ ಒಮ್ಮೆ ಹಿಂದಕ್ಕೂ ಬಂದಿತ್ತು. ಸೋಮವಾರ ಅದಕ್ಕೆ ಮೂರನೆಯ ಜ್ಞಾಪನ ಪತ್ರ ಹೋಗುತ್ತದೆ; ಇವತ್ತಿನ ಪುಟದ ಝೆರಾಕ್ಸ್ ತೆಗೆಸಿ ಅದಕ್ಕೆ ಲಗತ್ತಿಸಿ ಇಟ್ಟಿದ್ದೇನೆ.